ಎಲ್ಲರಿಗೂ ಒಂದೇ ಅಳು

ಅಡಿನಕೊಪೆಯಲ್ಲಿ ಯಾರಾದರೂ ಸತ್ತರೆ ಮೊದಲು ಹೇಳಿಕಳಿಸುತ್ತಿದ್ದದ್ದು ನೆಂಟರಿಗಲ್ಲ, ಸೆಫಾಕೋಗೆ. ನೆಂಟರು ಹೇಗೂ ಬರುತ್ತಾರೆ, ಊಟಕ್ಕಾದರೂ ಬರುತ್ತಾರೆ. ಸೆಫಾಕೋ ಬಂದು ಹಾಡದೆ ಹೆಣ ಎತ್ತುವ ಹಾಗಿರಲಿಲ್ಲ. ಹಗಲೆಲ್ಲ ಮೀನಿಗೆ ಹೊಗೆ ಹಾಕುವ ಹೆಂಗಸು ಅವಳು. ಉಟ್ಟ ಬಟ್ಟೆ, ತಲೆಗೂದಲು, ಕೊನೆಗೆ ನಗುವಿಗೂ ಹೊಗೆಯ ವಾಸನೆ. ಕಡಲಿಗೂ ಹಿನ್ನೀರಿಗೂ ನಡುವಿನ ಮರಳಿನ ಮೇಲೆ ಅವಳ ಮಣ್ಣಿನ ಒಲೆಗಳ ಸಾಲಿತ್ತು. ಸಾವಿನ ಸುದ್ದಿ ಬಂದರೆ ಬೆಂಕಿ ತಗ್ಗಿಸಿ, ಕೈ ತೊಳೆದು ಹೊರಡುವಳು.

ಹೋದವಳು ನೇರ ಹೆಣದ ಹತ್ತಿರ ಹೋಗುತ್ತಿರಲಿಲ್ಲ. ಹಿತ್ತಿಲಿಗೆ ನಡೆದು, ಅಡುಗೆ ಒಲೆಯ ಪಕ್ಕ ಒಂದು ಮಣೆ ಎಳೆದುಕೊಂಡು ಕೂತು, ಮನೆಯವರನ್ನು ಕೇಳುವಳು: "ಹೇಳಿ, ಸಿಟ್ಟು ಬಂದ್ರೆ ಏನಂತ ಬೈತಿದ್ದ? ಏನು ಎಸೀತಿದ್ದ? ಯಾವುದಕ್ಕೆ ಹೆದರ್ತಿದ್ದ?"

"ಅಯ್ಯೋ ಅಕ್ಕಾ, ಸತ್ತವನ ಬಗ್ಗೆ ಒಳ್ಳೇದು ಕೇಳೋದು ಬಿಟ್ಟು..." ಎಂದು ಯಾರಾದರೂ ಮೂಗು ಮುರಿದರೆ, "ಒಳ್ಳೇದೆಲ್ಲ ಎಲ್ಲರ ಮನೇಲೂ ಒಂದೇ ಥರ ಇರುತ್ತಮ್ಮಾ. ಇವನು ಯಾರು ಅಂತ ಗೊತ್ತಾಗಬೇಕಾದ್ರೆ ಇವನ ಹುಳುಕು ಹೇಳು" ಅನ್ನುವಳು. ಆಮೇಲೆ ಒಲೆಯ ಬೂದಿ ಕೆದಕುತ್ತ ಕೂತಿದ್ದು, ಎದ್ದು ಹೋಗಿ ಹಾಡಿದಳೆಂದರೆ, ಅಬ್ಬಾ, ಸತ್ತವನು ಎದ್ದು ಬಂದು ಅಂಗಳದಲ್ಲಿ ಉಗುಳು ನುಂಗುತ್ತ ನಿಂತ ಹಾಗೆ ಇರುತ್ತಿತ್ತು. ಜಿಪುಣನಿಗೆ ಜಿಪುಣನ ಹಾಡು, ಕುಂಟನಿಗೆ ಕುಂಟನ ಹಾಡು. ಜನ ನಕ್ಕು ನಕ್ಕು, ಆ ನಗುವಿನ ನಡುವೆಯೇ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಹಾಡಿನ ಕೊನೆಗೆ ಸತ್ತವರ ಬಟ್ಟಲ ಹೆಸರನ್ನು ಮೂರು ಸಲ ಕೂಗುವುದು ಕ್ರಮ. ಆ ಸೀಮೆಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಒಂದಾದರೆ, ವಯಸ್ಸಿಗೆ ಬಂದ ಮೇಲೆ ಹೆಂಡದ ಬಟ್ಟಲು ಕೈಯಲ್ಲಿ ಹಿಡಿದು ತನಗೆ ತಾನೇ ಇಟ್ಟುಕೊಳ್ಳುವ ಹೆಸರು ಇನ್ನೊಂದು. ಒಬ್ಬ 'ಬಿರುಗಾಳಿಗೆ ಮಣೆ ಹಾಕಿದವನು' ಆಗಿದ್ದರೆ ಮತ್ತೊಬ್ಬ 'ಅತ್ತೆಯ ಮುಂದೆ ಮಾತ್ರ ಬಗ್ಗುವವನು'. ಸತ್ತು ಆಚೆ ದಡ ಸೇರಿದ ಹಿರಿಯರಿಗೆ ಮನುಷ್ಯನ ಗುರುತು ಸಿಗುವುದು ಆ ಹೆಸರಿನಿಂದಲೇ. ಯಾರೂ ಕೂಗದೆ ಕಳಿಸಿದರೆ ಪಾಪ, ಸತ್ತವನು ಅವರ ಬಾಗಿಲಲ್ಲಿ ನಿಂತೇ ಇರುತ್ತಾನೆ, ಒಳಗೆ ಬಾ ಅನ್ನುವವರಿಲ್ಲದೆ.

ಸೆಫಾಕೋಳ ಅಪ್ಪ ಅಗ್ಬೆಕೊ ಹಾಗೆ ನಿಂತವನು. ಜೀವಮಾನವಿಡೀ ಇನ್ನೊಬ್ಬರ ದೋಣಿಯ ಬಲೆಯ ಹಗ್ಗ ದಡದಿಂದ ಎಳೆದ ಕೂಲಿಯವನು. ಅವನು ಸತ್ತ ಹೊತ್ತಿಗೇ ಆ ದೋಣಿಗಳ ಧಣಿಯೂ ಸತ್ತ. ಧಣಿಯ ಮನೆಗೆ ಬ್ಯಾಂಡು ಬಂತು, ಹೊಳೆಯುವ ಪೆಟ್ಟಿಗೆ ಬಂತು, ಊರಿಗಿದ್ದ ಒಬ್ಬಳೇ ಹಾಡುಗಾರ್ತಿ ಮುದುಕಿ ಕೊಕುಯಿಯೂ ಅಲ್ಲಿಗೇ ಹೋದಳು. ಅಗ್ಬೆಕೊನ ಗುಂಡಿಯ ಸುತ್ತ ನಾಲ್ಕಾರು ಜನ. ಹೆಂಡತಿ ಹಾಡಲು ಹೋಗಿ ಬರೀ ಅತ್ತಳು, ಮಣ್ಣು ಮುಚ್ಚಿದರು. ಹುಡುಗಿ ಸೆಫಾಕೋ ಅವತ್ತು ಹಿಡಿದ ಹಟ ಅದು: ಈ ಊರಲ್ಲಿ ಇನ್ನು ಯಾರನ್ನೂ ಮೂಕರಾಗಿ ಕಳಿಸಬಾರದು. ಮುದುಕಿಯ ಕೈಕಾಲು ಒತ್ತಿ ಹಾಡು ಕಲಿತಳು. ಕಲಿತ ಮೇಲೆ ಒಬ್ಬಳೇ ಹೋಗಿ ಅಪ್ಪನ ಮಣ್ಣಿನ ಮುಂದೆ ನಿಂತು ಹಾಡಿದಳು. ಹಗ್ಗ ತಿಂದ ಅಂಗೈಯವನೇ, ಮುಳ್ಳು ನೀನು ತಿಂದು ಮೀನು ಮಗಳಿಗೆ ಬಿಟ್ಟವನೇ, ಗುಡುಗಿಗೆ ಹೆದರಿ ಹೆಂಡತಿಯ ಸೆರಗಿನಡಿ ತೂರಿಕೊಂಡವನೇ ಎಂದು. ಕೊನೆಗೆ ಅವನ ಬಟ್ಟಲ ಹೆಸರು: 'ಹಗ್ಗದ ತುದಿಯ ರಾಜ'. ಅವಳು ಕಟ್ಟಿದ ಹಾಡುಗಳಲ್ಲೆಲ್ಲ ಅದೇ ಮೇಲು ಎಂದು ಊರೇ ಹೇಳುತ್ತಿತ್ತು.

ಇನ್ನು ಅಮೆವುಗಾ. ಆ ಧಣಿಯ ಮಗಳು ಅವಳು, ಮೇಲ್ಕೇರಿಯವಳು. ಸೆಫಾಕೋ ಕೆಳಕೇರಿ. ಮೀನಿನ ಸುಗ್ಗಿ ಮುಗಿದ ಮೇಲೆ ಎರಡು ಕೇರಿಗೂ ಬೈಗುಳದ ಹಾಡಿನ ಪಂದ್ಯ ನಡೆಯುವುದು ಹಿಂದಿನಿಂದ ಬಂದದ್ದು. ಡೋಲು ಬಾರಿಸಿಕೊಂಡು ಈ ಕೇರಿ ಆ ಕೇರಿಯನ್ನು ಬೈಯಬೇಕು, ಆ ಕೇರಿ ತಿರುಗಿ ಬೈಯಬೇಕು, ಬೈಸಿಕೊಂಡವನು ನಗದೆ ಸಿಟ್ಟಾದರೆ ಸೋತ. ಕೆಳಕೇರಿಗೆ ಸೆಫಾಕೋ ಮುಂದಾಳು, ಮೇಲ್ಕೇರಿಗೆ ಅಮೆವುಗಾ. ಅಪ್ಪನ ಸಾವಿನ ಉರಿಯೆಲ್ಲ ಸೆಫಾಕೋ ಆ ಹಾಡುಗಳಿಗೆ ಸುರಿದಳು. ಅಮೆವುಗಾಳ ಮುಂದಿನ ಹಲ್ಲುಗಳು ತುಟಿ ದಾಟಿ ಊರು ನೋಡಲು ಹೊರಟಂತಿದ್ದವು. ಮಳೆ ಬಂದರೆ ಮೊದಲು ನೆನೆಯುವುದು ಅವೇ ಎಂದು ಸೆಫಾಕೋ ಹಾಡಿದರೆ, ಇವಳು ಮುಟ್ಟಿದರೆ ಹಸಿ ಮೀನೂ ಹೊಗೆ ಹಾಕಿಸಿಕೊಂಡ ಹಾಗಾಗುತ್ತದೆ ಎಂದು ಅವಳು ಹಾಡುತ್ತಿದ್ದಳು. ವರ್ಷಗಟ್ಟಲೆ ಒಬ್ಬರ ಹುಳುಕು ಒಬ್ಬರು ಹುಡುಕಿ ಹುಡುಕಿ, ಕೊನೆಗೆ ಗಂಡಂದಿರಿಗೂ ಗೊತ್ತಿರದಷ್ಟು ಒಬ್ಬರನ್ನೊಬ್ಬರು ತಿಳಿದುಕೊಂಡುಬಿಟ್ಟರು. ಮಧ್ಯಾಹ್ನವಾದರೆ ಇಬ್ಬರೂ ಬೇವಿನ ನೆರಳಲ್ಲಿ ಅಳಗುಳಿ ಮಣೆ ಹಾಕಿ ಕೂರುವರು. ಅಮೆವುಗಾ ಕಾಳು ಕದ್ದು ದವಡೆಯಲ್ಲಿ ಇಟ್ಟುಕೊಳ್ಳುವಳು. "ಉಗುಳೇ ಕಳ್ಳಿ!" ಎಂದು ಸೆಫಾಕೋ ಅವಳ ಕೆನ್ನೆ ಹಿಂಡುವಳು. ಜಗಳವಾಗದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಅಳತೆಯವರು ಬಂದರು.

ಅವರ ನಿಜವಾದ ಹೆಸರು ಸಮಾನತಾ ಮಂಡಳಿ. ರಾಜಧಾನಿಯಲ್ಲಿ ಸರ್ಕಾರ ಬದಲಾಗಿ, ಇನ್ನು ಮೇಲೆ ಯಾರೂ ಹೆಚ್ಚಲ್ಲ ಯಾರೂ ಕಡಿಮೆಯಲ್ಲ ಎಂದು ಸಾರಿದ ಮೇಲೆ ಊರೂರಿಗೂ ಅವರ ಶಾಖೆಗಳಾದವು. ಟೇಪು ಹಿಡಿದು ಬೇಲಿ, ದೋಣಿ, ಬಾಗಿಲು ಎಲ್ಲ ಅಳೆಯುತ್ತಿದ್ದರಿಂದ ಜನ ಅವರನ್ನು ಅಳತೆಯವರು ಅಂದರು. ಸುಳ್ಳೇಕೆ ಹೇಳಬೇಕು, ಮೊದಮೊದಲು ಅವರು ಮಾಡಿದ್ದು ಒಳ್ಳೆಯದೇ. ಧಣಿಗಳ ದೋಣಿಗಳು ಕೇರಿಗೆ ಬಂದವು, ಹಗ್ಗ ಎಳೆದವನಿಗೂ ಮೀನಿನಲ್ಲಿ ಸಮಪಾಲು ಸಿಕ್ಕಿತು. ಅಮೆವುಗಾಳ ಮನೆ ಬರಿದಾಗಿ ಅವಳೂ ಬಂದು ಸೆಫಾಕೋಳ ಪಕ್ಕದಲ್ಲೇ ಒಲೆ ಹಾಕಿ ಮೀನಿಗೆ ಹೊಗೆ ಕೊಡತೊಡಗಿದಳು. "ಬಾರೇ ಧಣಿ ಮಗಳೇ, ಈಗ ನೀನೂ ನಾರು" ಎಂದು ಸೆಫಾಕೋ ಅವಳಿಗೆ ಕಟ್ಟಿಗೆ ಕೊಟ್ಟಳು.

ಬೇವಿನ ಮರದ ಕೆಳಗೆ ಮಂಡಳಿಯ ಸಭೆ ಸೇರಿ ಹೆಣದ ಖರ್ಚಿನ ಮಾತು ಬಂದಾಗ ಎದ್ದು ನಿಂತವಳು ಸೆಫಾಕೋಳೇ. ಅಪ್ಪನ ಕಥೆ ಹೇಳಿದಳು, ಅವನ ಹಾಡು ಹಾಡಿದಳು. ರಾಜಧಾನಿಯಿಂದ ಬಂದಿದ್ದ ಅಧಿಕಾರಿಗಳೂ ಕಣ್ಣೊರೆಸಿಕೊಂಡರು. "ಅಮ್ಮಾ, ಇನ್ನು ಮೇಲೆ ಈ ಹಾಡು ಎಲ್ಲರದ್ದು. ಬಡವನಿಗೂ ಇದೇ, ಸಾಹುಕಾರನಿಗೂ ಇದೇ" ಅಂದರು. ಅವಳ ಎದೆ ತುಂಬಿ ಬಂತು. ನನ್ನಪ್ಪನ ಹಾಡು ನಾಡಿಗೆಲ್ಲ ಹಾಡಾಗುತ್ತದೆ ಎಂದರೆ ಯಾರಿಗೆ ಬೇಡ?

ಹಾಡು ರಾಜಧಾನಿಗೆ ಹೋಗಿ, ತಿದ್ದಿಸಿಕೊಂಡು ಬಂತು. ಹಗ್ಗ ಅಂದರೆ ಹಗ್ಗ ಎಳೆಯದವರಿಗೆ ಒಪ್ಪುವುದಿಲ್ಲ, ತೆಗೆದರು. ಮಗಳು ಅಂದರೆ ಮಕ್ಕಳಿಲ್ಲದವರಿಗೆ ನೋವು, ತೆಗೆದರು. ಗುಡುಗಿಗೆ ಹೆದರಿದ್ದು ಅವಮಾನ, ತೆಗೆದರು. ರಾಜ ಅಂತೂ ಇರಲೇಬಾರದು. ಉಳಿದದ್ದು ಇಷ್ಟು: 'ದುಡಿದೆ, ದಣಿದೆ, ಹೊರಟೆ. ಎಲ್ಲರಂತೆ ಬಂದೆ, ಎಲ್ಲರಂತೆ ಹೋಗು.' ಸೆಫಾಕೋಗೆ ಕಸಿವಿಸಿಯಾಯಿತು. ಆದರೆ ಆ ಹಾಡಿನಲ್ಲಿ ಮೊದಲು ಮಣ್ಣಾದವಳು ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬ ಮುದುಕಿ. ಮಂಡಳಿಯ ಅಪ್ಪಣೆಯೆಂದು ಊರಿಗೆ ಊರೇ ಬಂದು ನಿಂತದ್ದು ನೋಡಿ ಸೆಫಾಕೋ ಸಂತೋಷದಿಂದ ಅತ್ತಳು. ಒಂದೆರಡು ಸಾಲು ಹೋದರೆ ಹೋಗಲಿ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು.

ಆದರೆ ಅಳೆಯುವ ಚಟ ಹತ್ತಿದವರಿಗೆ ಅಷ್ಟಕ್ಕೇ ಕೈ ನಿಲ್ಲುತ್ತದೆಯೇ? ಸೆಫಾಕೋ ಹಾಡಿದ ಮನೆಗೂ ಬೇರೆಯವರು ಹಾಡಿದ ಮನೆಗೂ ವ್ಯತ್ಯಾಸ ಬರುತ್ತದೆಂದು ಹೆಂಗಸರೆಲ್ಲ ಸರದಿಯ ಮೇಲೆ ಹಾಡಬೇಕೆಂದರು. ಒಬ್ಬರಿಗೆ ದೊಡ್ಡ ಬಟ್ಟಲ ಹೆಸರು, ಒಬ್ಬರಿಗೆ ಸಣ್ಣದು, ಅದಕ್ಕೆ ಬಟ್ಟಲ ಹೆಸರು ಕೂಗುವುದೇ ನಿಷೇಧ. ಅಡುಗೆ ಒಲೆಯ ಪಕ್ಕ ಕೂತು ವಿಚಾರಿಸುವುದು ನಿಷೇಧ. ಪಂದ್ಯವೆಂದರೆ ಗೆದ್ದವನು ಮೇಲಾಗುತ್ತಾನೆ, ಅದೂ ನಿಂತಿತು. ಕೊನೆಗೆ ಅಳುವಿನಲ್ಲೂ ಹೆಚ್ಚು ಕಡಿಮೆ ಕಂಡಿತು ಅವರಿಗೆ. ಒಂದು ಸೀಟಿ ಊದಿದರೆ ಎಲ್ಲರೂ ಅಳಬೇಕು, ಎರಡನೆಯದಕ್ಕೆ ನಿಲ್ಲಿಸಬೇಕು. ತಪ್ಪಿದರೆ ತಪ್ಪಿದವನೊಬ್ಬನಿಗೆ ಶಿಕ್ಷೆ ಕೊಡುವುದು ಅಸಮಾನವಲ್ಲವೇ? ಅದಕ್ಕೆ ಇಡೀ ಕೇರಿಯ ಬಲೆಗಳನ್ನು ಗೋದಾಮಿಗೆ ಹಾಕಿ ಬೀಗ.

ಆ ಸೀಟಿಯ ಕೆಲಸ ಊರಿನವನೇ ಆದ ಸೆನಾನುಗೆ ಬಂತು. ಒಳ್ಳೆಯ ಹುಡುಗ, ಮಾತು ಕಡಿಮೆ, ನಿಯಮವೆಂದರೆ ನಿಯಮ. ಅವನ ತಾಯಿ ದಾರಿಯಲ್ಲಿ ಕೂತು ಅಲಸಂದೆ ಬೋಂಡ ಕರಿಯುತ್ತಿದ್ದವಳು. ಅವಳು ಸತ್ತಾಗಲೂ ಸೀಟಿ ಅವನೇ ಊದಿದ. ಎಲ್ಲರೂ ಅತ್ತರು, ಅವನೂ ಅತ್ತ. ಹೊತ್ತಾಯಿತು, ಎರಡನೆಯ ಸೀಟಿ ಊದಿದ, ಎಲ್ಲರೂ ನಿಲ್ಲಿಸಿದರು, ಅವನೂ ನಿಲ್ಲಿಸಿದ. ಸೀಟಿಯನ್ನು ಅಂಗಿಗೆ ಒರೆಸಿ ಜೇಬಿಗಿಟ್ಟುಕೊಂಡು ಮನೆಗೆ ಹೋದ. "ಕಲ್ಲು ಕಣೇ ಆ ಹುಡುಗ" ಅಂದಳು ಅಮೆವುಗಾ.

ಒಂದೇ ಹಾಡು ಕೇಳಿ ಕೇಳಿ ಊರಿಗೆ ಒಂಥರಾ ಮಂಕು ಕವಿಯಿತು. ಒಮ್ಮೆ ಹೆಂಡದಂಗಡಿಯಲ್ಲಿ ಇಬ್ಬರು ಗಂಡಸರಿಗೆ ವಾದ ಬಿತ್ತು, ಹೋದ ಸಲ ಹೂತದ್ದು ಬಡಗಿಯನ್ನೋ ಅವನ ತಮ್ಮನನ್ನೋ ಎಂದು. ಇಬ್ಬರೂ ಹೆಣ ಹೊತ್ತವರೇ, ಇಬ್ಬರಿಗೂ ನೆನಪಿಲ್ಲ. ಅದು ಕಿವಿಗೆ ಬಿದ್ದ ದಿನ ಸೆಫಾಕೋ ಅಪ್ಪನ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳಲು ಹೋದಳು. 'ದುಡಿದೆ, ದಣಿದೆ' ಎಂದೇ ಬಾಯಿಗೆ ಬಂತು. ಹಗ್ಗದ ಸಾಲು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪನನ್ನು ತಾನೇ ಕೈಯಾರೆ ಮತ್ತೆ ಬಾಗಿಲಾಚೆ ನಿಲ್ಲಿಸಿ ಬಂದೆನೆ ಎಂದು ಒಲೆಯ ಮುಂದೆ ಕೂತು ತಲೆ ಚಚ್ಚಿಕೊಂಡಳು.

ಅಮೆವುಗಾ ಹಾಸಿಗೆ ಹಿಡಿದದ್ದು ಮೀನಿನ ಸುಗ್ಗಿ ಶುರುವಾಗುವ ಹೊತ್ತಿಗೆ. ಹೊಟ್ಟೆಯಲ್ಲಿ ಏನೋ ಗಂಟು, ಊಟ ಇಳಿಯದು. ಸೆಫಾಕೋ ಬೆಂಡೆಕಾಯಿ ಸಾರು, ಮೆತ್ತಗಿನ ಜೋಳದ ಮುದ್ದೆ ಮಾಡಿಕೊಂಡು ಹೋಗಿ ತುತ್ತು ತುತ್ತಾಗಿ ಬಾಯಿಗಿಡುತ್ತಿದ್ದಳು.

"ತಿನ್ನೇ, ಹಲ್ಲುಬ್ಬಿ. ಇಷ್ಟುದ್ದ ಹಲ್ಲು ಇಟ್ಕೊಂಡು ಒಂದು ತುತ್ತು ನುಂಗೋಕೆ ಆಗಲ್ವಾ?"

ಅಮೆವುಗಾ ನಕ್ಕಳು, ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. "ಸೆಫಾ, ಒಂದು ಮಾತು. ಆ ಉಪ್ಪಿಲ್ಲದ ಸಾರು ಸುರಿದು ನನ್ನ ಕಳಿಸಬೇಡ."

"ಯಾವ ಸಾರು?"

"ನಿಮ್ಮಪ್ಪನ ಮೂಳೆಯಿಂದ ಅವರು ಮಾಡಿದ್ದಾರಲ್ಲ, ಅದು. ದುಡಿದೆ ದಣಿದೆ. ನಾನೆಲ್ಲಿ ದುಡಿದೆ? ಅರ್ಧ ಜೀವ ಅಪ್ಪನ ದುಡ್ಡಲ್ಲಿ ಕೂತು ತಿಂದೆ, ಇನ್ನರ್ಧ ನಿನ್ನ ಕಾಳು ಕದ್ದೆ. ಅಲ್ಲಿ ಹೋದ್ರೆ ಇವಳು ಯಾರೋ ಬೇರೆಯವಳು ಅಂತ ಬಾಗಿಲೇ ತೆಗೆಯಲ್ಲ."

"ನಿನಗೆ ಹಾಡಿದ್ರೆ ಕೇರಿ ಬಲೆಗೆಲ್ಲ ಬೀಗ ಬೀಳುತ್ತೆ ಕಣೇ. ಸುಗ್ಗಿ ಕಾಲ. ವರ್ಷದ ಅನ್ನ."

"ಹಾಗಾದ್ರೆ ಸುಗ್ಗಿ ಮುಗಿದ್ಮೇಲೆ ಸಾಯ್ಲಾ? ಮಂಡಳಿಗೆ ಅರ್ಜಿ ಕೊಡು" ಎಂದು ಅಮೆವುಗಾ ಕಣ್ಣು ಮಿಟುಕಿಸಿದಳು. ಆಮೇಲೆ ಸೆಫಾಕೋಳ ಮಣಿಕಟ್ಟು ಹಿಡಿದುಕೊಂಡಳು, ಬಿಡಲಿಲ್ಲ. "ತಮಾಷೆಗೆ ಹೇಳ್ತಿಲ್ಲ ಕಣೇ. ನಂಗೆ ಹೆದರಿಕೆ ಆಗ್ತಿದೆ. ನನ್ನ ಹೆಸರು ಕೂಗೋರು ಇನ್ಯಾರಿದ್ದಾರೆ?"

ಸೆಫಾಕೋ ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋದಳು. ಅಮೆವುಗಾ ಸುಗ್ಗಿ ಮುಗಿಯುವವರೆಗೆ ಕಾಯಲಿಲ್ಲ. ಕಡಲು ಬೆಳ್ಳಗೆ ಮೀನಿನಿಂದ ಕುದಿಯುತ್ತಿದ್ದ ವಾರದಲ್ಲೇ, ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಳು.

ಹಾಡುವ ಸರದಿ ಅವತ್ತು ಫಾಫಾಲಿಯದು. ಸೆಫಾಕೋಳ ಪಕ್ಕದ ಗುಡಿಸಲಿನ ಸೊಸೆ, ಕಂಕುಳಲ್ಲಿ ಒಂದು ಕೂಸು, ಕಾಲ ಬಳಿ ಇನ್ನೊಂದು. ಗಂಡ ಬಲೆಯವನು. ಅಂಗಳದ ನಡುವೆ ಮಂಡಳಿಯ ಬಿಳಿ ಪೆಟ್ಟಿಗೆ, ಎಲ್ಲರಿಗೂ ಒಂದೇ ಅಳತೆಯದು. ಎರಡೂ ಕೇರಿಯ ಜನ ಸಾಲಾಗಿ ನಿಂತಿದ್ದರು. ಫಾಫಾಲಿ ಕೂಸನ್ನು ಗಂಡನ ಕೈಗೆ ಕೊಟ್ಟು, ಪಾಠ ಒಪ್ಪಿಸುವ ಹಾಗೆ ಹಾಡಿ ಮುಗಿಸಿದಳು. ಸೆನಾನು ಸೀಟಿ ಊದಿದ. ಜನ ಅತ್ತರು. ಮತ್ತೆ ಊದಿದ. ನಿಲ್ಲಿಸಿದರು. ಸೆಫಾಕೋ ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, ತುಟಿ ಕಚ್ಚಿ ನಿಂತಿದ್ದಳು. ಬಲೆ, ಮಕ್ಕಳು, ಅನ್ನ, ಸುಮ್ಮನಿರು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಮ್ಮನಿರುತ್ತಲೂ ಇದ್ದಳೇನೋ.

ಮುಚ್ಚಳ ಹಾಕುವ ಮೊದಲು ಕೊನೆಯ ಸಲ ಮುಖ ನೋಡಲು ಬಗ್ಗಿದಳು. ಅಮೆವುಗಾಳ ಗಲ್ಲದಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಬಿಗಿದು ಬಾಯಿ ಮುಚ್ಚಿಸಿದ್ದರು. ಹಲ್ಲು ಕಾಣುತ್ತಿರಲಿಲ್ಲ. ಆ ಮುಖ ಯಾರದ್ದೂ ಆಗಿರಬಹುದಿತ್ತು.

"ಹಲ್ಲೆಲ್ಲಿ?" ಅಂದಳು ಸೆಫಾಕೋ.

"ಎಲ್ಲರಿಗೂ ಹೀಗೇ ಕಟ್ಟೋದು ಅಕ್ಕಾ" ಅಂದ ಸೆನಾನು.

"ಇವಳ ಹಲ್ಲೆಲ್ಲಿ ಅಂತ ಕೇಳಿದ್ದು!" ಸೆಫಾಕೋ ಪಟ್ಟಿಯನ್ನು ಎಳೆದು ಕಿತ್ತಳು. ಹಲ್ಲು ಹೊರಬಂದವು. ಅವನ್ನು ನೋಡಿದ್ದೇ ಅವಳ ಬಾಯಿ ತಾನೇ ತೆರೆದುಕೊಂಡಿತು. ಅಳುವಲ್ಲ, ಪಂದ್ಯದ ದಿನದ ಹಳೇ ಗಂಟಲು. "ಏ ಹಲ್ಲುಬ್ಬಿ! ಏ ಕಾಳುಗಳ್ಳಿ! ಮಲಗಿದ್ರೆ ಗೊರಕೆಗೆ ಕೊಕ್ಕರೆ ಹಾರಿಸಿದವಳೇ! ಮೇಲೆ ದೊಡ್ಡ ಮೀನಿಟ್ಟು ಕೆಳಗೆ ಪುಡಿ ಮೀನು ತುಂಬಿ ಮಾರಿದವಳೇ! ಮೇಕೆಗೆ ಹೆದರಿ ಮರ ಹತ್ತಿ, ಇಳಿಯೋಕೆ ಬಾರದೆ ನನ್ನನ್ನೇ ಕೂಗಿದವಳೇ!"

ಹಿಂದಿನ ಸಾಲಿನಲ್ಲಿ ಯಾರೋ ಪಕ್ಕನೆ ನಕ್ಕರು. ಬೈಗುಳದ ಹಾಡಿಗೆ ಉತ್ತರ ಕೊಡದೆ ನಿಲ್ಲುವುದು ಮೇಲ್ಕೇರಿಯವರ ರಕ್ತದಲ್ಲಿಲ್ಲ. ತಮ್ಮ ಮುಂದಾಳು ಪೆಟ್ಟಿಗೆಯಲ್ಲಿ ಮಲಗಿದ್ದಾಳೆ, ಅವಳ ಪರವಾಗಿ ಒಬ್ಬ ಮುದುಕ ಕೋಲು ಕುಟ್ಟಿ ಎತ್ತಿಕೊಂಡ: "ಏ ಹೊಗೆಮೂತಿ! ನೀನು ಬಂದ್ರೆ ಸೊಳ್ಳೆ ಊರು ಬಿಡ್ತಾವೆ!" ಇಡೀ ಮೇಲ್ಕೇರಿ ದನಿಗೂಡಿಸಿತು. ಕೆಳಕೇರಿ ತಿರುಗಿ ಬೈಯಿತು. ಬೈಯುತ್ತ ಬೈಯುತ್ತ ನಕ್ಕರು, ನಗುತ್ತ ನಗುತ್ತ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಹೋ ಎಂದು ಅತ್ತರು. ಎಷ್ಟು ವರ್ಷದ ಅಳು ಒಳಗೆ ಹೆಪ್ಪುಗಟ್ಟಿತ್ತೋ ಏನೋ. ಸೆನಾನು ಸೀಟಿ ಊದಿದ, ಮತ್ತೆ ಊದಿದ, ಕೆನ್ನೆ ಕೆಂಪಾಗುವವರೆಗೆ ಊದಿದ. ಯಾರೂ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಕಾ, ನಿಲ್ಸಿ! ಬೇರೆ ಹಾಡು ಹಾಡೋ ಹಾಗಿಲ್ಲ!"

"ಹಾಡು ಯಾರಪ್ಪಾ ಹಾಡಿದ್ದು? ಬೈದೆ. ಹೊಗಳಬಾರದು ಅಂದ್ರಿ, ಹೊಗಳಿಲ್ಲ. ಸತ್ತವರನ್ನ ಬೈಬಾರದು ಅಂತ ಇದೆಯೇನು ನಿಮ್ಮ ಕಾನೂನಲ್ಲಿ?"

ಕಾನೂನಿನಲ್ಲಿ ಹಾಗೆ ಇರಲಿಲ್ಲ. ಪಂದ್ಯ ನಿಲ್ಲಿಸಿದ್ದರೇನು, ಬರೀ ಬೈಗುಳದಿಂದ ಯಾರೂ ಇನ್ನೊಬ್ಬರಿಗಿಂತ ಮೇಲಾಗುವುದಿಲ್ಲವಲ್ಲ, ಆದ್ದರಿಂದ ಮಂಡಳಿ ಅದರ ತಂಟೆಗೇ ಹೋಗಿರಲಿಲ್ಲ. ಎಲ್ಲರೂ ಒಟ್ಟಿಗೇ ಅತ್ತಿದ್ದರಿಂದ ಅಳುವಿನಲ್ಲೂ ಹೆಚ್ಚು ಕಡಿಮೆ ಹೇಳುವ ಹಾಗಿರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಬಲೆಗಳು ಉಳಿಯುತ್ತಿದ್ದವು. ಅದು ಸೆಫಾಕೋಗೂ ಗೊತ್ತಾಯಿತು, ಫಾಫಾಲಿಗೂ ಗೊತ್ತಾಯಿತು. ಫಾಫಾಲಿ ಕೂಸನ್ನು ಎದೆಗೆ ಅವುಚಿಕೊಂಡು, ಬೇಡ ಎಂದು ತಲೆಯಾಡಿಸಿದಳು. ಬೇಡ ಅಕ್ಕಾ, ಸಾಕು, ಎಂದು ಕಣ್ಣಲ್ಲೇ ಬೇಡಿದಳು.

ಸೆಫಾಕೋ ಅವಳನ್ನು ನೋಡಿದಳು. ಪೆಟ್ಟಿಗೆಯನ್ನು ನೋಡಿದಳು. ಬೈದದ್ದಾಯಿತು, ನಕ್ಕದ್ದಾಯಿತು, ಆದರೆ ಹೆಸರು ಕೂಗದಿದ್ದರೆ ಅಮೆವುಗಾ ಬಾಗಿಲಲ್ಲೇ ನಿಲ್ಲುತ್ತಾಳೆ, ಅಪ್ಪ ನಿಂತ ಹಾಗೆ. ಮಣಿಕಟ್ಟಿನ ಮೇಲೆ ಆ ಹಿಡಿತ ಇನ್ನೂ ಇತ್ತು. ಅವಳು ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕಡಲಿನ ಕಡೆ ತಿರುಗಿ ಕೂಗಿದಳು.

"ಜಗಳ ಮುಗಿಸಿ ಊಟಕ್ಕೆ ಬರುವವಳು! ಜಗಳ ಮುಗಿಸಿ ಊಟಕ್ಕೆ ಬರುವವಳು! ಜಗಳ ಮುಗಿಸಿ ಊಟಕ್ಕೆ ಬರುವವಳು ಬಂದಿದ್ದಾಳೆ, ಬಾಗಿಲು ತೆಗೀರಿ!"

ಮಾರನೆಯ ದಿನ ಎರಡೂ ಕೇರಿಯ ಬಲೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋದರು. ಗೋದಾಮಿಗೆ ಬೀಗ ಹಾಕಿದವನು ಸೆನಾನುವೇ. ಸುಗ್ಗಿ ಮುಗಿಯುವವರೆಗೂ ತೆಗೆಯುವ ಹಾಗಿಲ್ಲ. ಕಡಲಿನಲ್ಲಿ ಪಕ್ಕದ ಊರಿನವರ ದೋಣಿಗಳು ಮೀನಿನ ಭಾರಕ್ಕೆ ಬಾಗಿ ಬಾಗಿ ಹೋಗುತ್ತಿದ್ದವು. ಅಡಿನಕೊಪೆಯ ಗಂಡಸರು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಹೆಣದ ಮನೆಯಲ್ಲಿ ದನಿಗೂಡಿಸಿದವರೇ ಈಗ ಸೆಫಾಕೋಳ ಗುಡಿಸಲ ಮುಂದೆ ಮುಖ ತಿರುಗಿಸಿಕೊಂಡು ಹೋದರು. ಅವರದ್ದೇನು ತಪ್ಪು, ಹೊಟ್ಟೆ ಕೇಳಬೇಕಲ್ಲ. ಫಾಫಾಲಿ ಮಾತ್ರ ನೇರ ಒಳಗೇ ಬಂದಳು.

"ಸತ್ತವಳಿಗೆ ಬಾಗಿಲು ತೆಗೆಸಿದೆಯಲ್ಲ ಅಕ್ಕಾ, ನನ್ನ ಮಕ್ಕಳ ಬಾಯಿಗೆ ಬೀಗ ಹಾಕಿಸಿದೆ. ನಿನಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು. ಅವತ್ತು ಸಭೇಲಿ ಎದ್ದು ನಿಂತು ಈ ಅಳತೆಯವರನ್ನ ಮನೆಯೊಳಗೆ ಕರೆದುಕೊಂಡವಳೂ ನೀನೇ. ಈಗ ಗೊತ್ತಾಯ್ತಾ?"

ಸೆಫಾಕೋ ಎದ್ದು, ಅಟ್ಟದ ಮೇಲಿದ್ದ ಕೊನೆಯ ಬುಟ್ಟಿ ಹೊಗೆಮೀನು ಇಳಿಸಿ ಅವಳ ಮುಂದಿಟ್ಟಳು. ಫಾಫಾಲಿ ಬುಟ್ಟಿ ಎತ್ತಿಕೊಂಡು ಹೋದಳು. ಹೋಗುವಾಗ ತಿರುಗಿ ನೋಡಲಿಲ್ಲ.

ಸೆನಾನು ಬಂದದ್ದು ಅದಾದ ಮೇಲೆ ಒಂದು ಮಧ್ಯಾಹ್ನ. ಸೆಫಾಕೋ ತಣ್ಣಗಾದ ಒಲೆಗಳ ಪಕ್ಕ ಅಳಗುಳಿ ಮಣೆ ಮುಂದಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಅವನ ನೆರಳು ಮಣೆಯ ಮೇಲೆ ಬಿತ್ತು. ಕೊರಳಲ್ಲಿ ಸೀಟಿ, ಸೊಂಟದಲ್ಲಿ ಗೋದಾಮಿನ ಕೀಲಿಗೊಂಚಲು. ಮಂಡಳಿಗೆ ಕರೆದುಕೊಂಡು ಹೋಗಲು ಬಂದ ಎಂದುಕೊಂಡು ಅವಳು ಚಪ್ಪಲಿ ಹುಡುಕಿದಳು.

"ಅದಕ್ಕಲ್ಲ ಅಕ್ಕಾ" ಅಂದ. ನಿಂತೇ ಇದ್ದ. ಕೀಲಿ ಮುಟ್ಟಿಕೊಂಡ. "ಬೀಗ ತೆಗೆಯೋದು ನನ್ನ ಕೈಲಿಲ್ಲ. ತೆಗೆದ್ರೆ ನನ್ನ ಜಾಗಕ್ಕೆ ಬೇರೆಯವನು ಬಂದು ಮತ್ತೆ ಹಾಕ್ತಾನೆ."

"ನಾನು ಬೀಗದ ವಿಷಯ ಕೇಳಿದ್ನೇನೋ?"

"ಇಲ್ಲ."

"ಮತ್ತೆ?"

ಅವನು ಮರಳನ್ನು ಕಾಲ್ಬೆರಳಿನಿಂದ ಗೀರುತ್ತ ನಿಂತ. ಅಷ್ಟು ದೊಡ್ಡ ಗಂಡಸು, ಬೈಸಿಕೊಳ್ಳಲು ಬಂದ ಮಗುವಿನ ಹಾಗೆ.

"ನಮ್ಮವ್ವನಿಗೂ... ಒಂದಿಷ್ಟು ಬೈದುಬಿಡಕ್ಕಾ" ಅಂದ.

ಸೆಫಾಕೋ ಮಣೆ ಪಕ್ಕಕ್ಕೆ ಸರಿಸಿದಳು. ಅಮೆವುಗಾ ಕೂರುತ್ತಿದ್ದ ಪೀಠವನ್ನು ಒಲೆಯ ಹತ್ತಿರ ಎಳೆದು, ಸೆರಗಿನಿಂದ ಧೂಳು ಒರೆಸಿ, ಕೂತ್ಕೋ ಎಂದು ಕೈ ತೋರಿಸಿದಳು. ಸೆನಾನು ಕೂತ.

"ಹೇಳಪ್ಪಾ. ಸಿಟ್ಟು ಬಂದ್ರೆ ಅವ್ವ ನಿನ್ನ ಏನಂತ ಬೈತಿದ್ಲು?"

ಸೆನಾನು ಹುಬ್ಬು ಗಂಟಿಕ್ಕಿ ನೆಲ ನೋಡಿದ, ಕಡಲು ನೋಡಿದ. ನೆನಪಾಗುತ್ತಿರಲಿಲ್ಲ. ಅವನ ಮುಖದಲ್ಲಿ ಹೆದರಿಕೆ ಏರುತ್ತಿರುವುದು ಸೆಫಾಕೋಗೆ ಕಾಣುತ್ತಿತ್ತು, ಅಪ್ಪನ ಹಾಡು ಮರೆತ ದಿನ ತನಗೆ ಆದ ಹಾಗೇ. ಅವಳು ಅವಸರ ಮಾಡಲಿಲ್ಲ. ಕಡ್ಡಿ ತಗೊಂಡು ತಣ್ಣನೆಯ ಬೂದಿ ಕೆದಕುತ್ತ ಕೂತಳು.

"ಬೋಂಡದ ಎಣ್ಣೆ ಸಿಡಿದಾಗ..." ಅಂದ ಸೆನಾನು ಕೊನೆಗೆ. "ಎಣ್ಣೆ ಸಿಡಿದ್ರೆ, ನಾನು ಎಲ್ಲೇ ಇರಲಿ, ನನ್ನನ್ನೇ ಬೈತಿದ್ಲು. ಏ ಬೆಂದಕಾಳು, ನಿನ್ನಿಂದಲೇ ಸಿಡೀತು ಅಂತ. ನಾನು ಶಾಲೇಲಿ ಇದ್ರೂ ನಾನೇ ಕಾರಣ."

"ಬೆಂದಕಾಳು" ಅಂದಳು ಸೆಫಾಕೋ, ರುಚಿ ನೋಡುವಂತೆ.

"ಬೆಂದಕಾಳು" ಅಂದ ಅವನು ಮತ್ತೊಮ್ಮೆ, ಮತ್ತು ಅವನಿಗೆ ಅಳು ಒತ್ತರಿಸಿ ಬಂದುಬಿಟ್ಟಿತು. ಕೊರಳಿನ ಸೀಟಿ ಎದೆಯ ಮೇಲೆ ಕುಣಿಯುತ್ತಿತ್ತು. ಅದನ್ನು ಊದಿ ನಿಲ್ಲಿಸುವವರು ಅಲ್ಲಿ ಯಾರೂ ಇರಲಿಲ್ಲ.

"ಅಳಪ್ಪಾ, ಅಳು" ಅಂದಳು ಸೆಫಾಕೋ. "ಅತ್ತಾದ ಮೇಲೆ ಅವಳ ಬಟ್ಟಲ ಹೆಸರು ಹೇಳು."